ಸೀರೆಯಣ್ಣನ ಭುಜದ ಅಳತೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಡುವೆ ನೀವು ಎದ್ದು ಬಯ್ಯುವ ತೊಂದರೆ ಬೇಡ. ತಪ್ಪು ನನ್ನದೇ. ಒಬ್ಬರ ಭುಜ ಸೀಟಿನಿಂದ ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ತಿಳಿಯಬೇಕಾದರೆ ಅವರನ್ನೇ ಕೂರಿಸಿ ಟೇಪು ಹಿಡಿಯಬೇಕು. ನಾನು ಆ ಗಿರಾಕಿಯನ್ನು ಬಸ್ಸು ಹತ್ತಿಸಿ ಕಳಿಸಿ, ಅವರ ಕಾರಿನಲ್ಲಿ ನಾನೇ ಕೂತು, ಅವರ ಮಿಮಿಕ್ರಿ ಮಾಡುತ್ತಾ ನನ್ನ ಭುಜಕ್ಕೆ ಟೇಪು ಹಿಡಿದೆ. ಆ ಅಳತೆಗೇ ಪೈಪು ಕೊಯ್ದೆ, ವೆಲ್ಡಿಂಗ್ ಮಾಡಿದೆ, ಚೆಂದಕ್ಕೆ ಕಪ್ಪು ಬಣ್ಣವನ್ನೂ ಹೊಡೆದೆ. ಆ ಪೈಪಿನ ಮೇಲೆ ಒಬ್ಬರ ಬೆನ್ನುಮೂಳೆಯ ಭಾರ ನಿಂತಿತ್ತು.

ನಮ್ಮದು ಚಳ್ಳಕೆರೆಯಲ್ಲಿ ಬಳ್ಳಾರಿ ರಸ್ತೆಗೆ ಮುಖ ಮಾಡಿದ ವೆಲ್ಡಿಂಗ್ ಶೆಡ್ಡು. ಟ್ರ್ಯಾಕ್ಟರ್ ಟ್ರೇಲರಿನ ಹಿಂಬಾಗಿಲು, ಎಣ್ಣೆಮಿಲ್ಲಿನ ಜರಡಿಯ ಚೌಕಟ್ಟು, ಮನೆ ಕಿಟಕಿಯ ಗ್ರಿಲ್ಲು ನಮ್ಮ ದಿನದ ಕೆಲಸ. ಮೇಸ್ತ್ರಿಗೆ ಕಣ್ಣಿನ ಪೊರೆ ಬಂದು, ಆಪರೇಷನ್ ಮುಗಿಸಿಕೊಂಡು, ಬಳ್ಳಾರಿಯ ಮಗಳ ಮನೆಯಲ್ಲಿ ಕಪ್ಪು ಕನ್ನಡಕ ಹಾಕಿ ಕೂತಿದ್ದರು. ಒಂದೂವರೆ ತಿಂಗಳು ಶೆಡ್ಡಿಗೆ ನಾನೊಬ್ಬನೇ.

ನನಗೆ ಎಲ್ಲರ ದನಿ ಕದಿಯುವ ಚಟ. ಮೇಸ್ತ್ರಿ ಬಯ್ಯುವ ಮುಂಚೆ ಎಳೆದುಕೊಳ್ಳುವ ಉಸಿರು, ಖಾಸಗಿ ಬಸ್ಸಿನ ಕಂಡಕ್ಟರು ಊರಿನ ಹೆಸರು ಕೂಗುವಾಗ ನುಂಗುವ ಅಕ್ಷರ, ಮಾರ್ಕೆಟ್ಟಿನಲ್ಲಿ ಶೇಂಗಾ ಹರಾಜು ಕೂಗುವವನ ರಾಗ, ಎಲ್ಲ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದವು. ಊರನ್ನೆಲ್ಲ ನಗಿಸುತ್ತೇನೆಂದು ಜಂಬವಿತ್ತು. ಆದರೆ ಮೇಸ್ತ್ರಿ ಹೋದ ಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು: ನಮ್ಮ ಶೆಡ್ಡಿಗೆ ಯಾರೂ ಸುಮ್ಮನೆ ಬಂದು ಕೂರುವುದಿಲ್ಲ. ಕೆಲಸ ಹೇಳುತ್ತಾರೆ, ನಾನು ಇನ್ನೊಬ್ಬರನ್ನು ಮಾಡಿ ತೋರಿಸಿದರೆ ಹೊಟ್ಟೆ ಹಿಡಿದು ನಗುತ್ತಾರೆ, ಬೇಗ ಹೊರಡುತ್ತಾರೆ. ತಾವು ಬೆನ್ನು ತಿರುಗಿಸಿದ ಕೂಡಲೇ ತಮ್ಮನ್ನೂ ಮಾಡುತ್ತಾನೆಂದು ಅವರಿಗೆ ಗೊತ್ತು. ಮಾಡುತ್ತಲೂ ಇದ್ದೆ, ಕೇಳುವವರಿಲ್ಲದಿದ್ದರೂ. ಬೆಳಗಿನಿಂದ ಶೆಡ್ಡಿನೊಳಗೆ ನಾಲ್ಕು ಜನರ ದನಿ. ಮಧ್ಯಾಹ್ನ ಬಿಚ್ಚಿದರೆ ಒಂದೇ ಊಟದ ಡಬ್ಬಿ.

ಅಂಥದ್ದರಲ್ಲಿ ಒಂದು ಸೋಮವಾರ ಸೀರೆಯಣ್ಣ ಬಂದರು. ಮೊಳಕಾಲ್ಮೂರಿನವರು, ನಲವತ್ತರ ಆಸುಪಾಸು. ಹುಡುಗನಾಗಿದ್ದಾಗಿನಿಂದ ಇಪ್ಪತ್ತು ವರ್ಷ ಗುಂಡಿಮಗ್ಗದಲ್ಲಿ ರೇಷ್ಮೆ ಸೀರೆ ನೇಯ್ದು, ಆಮೇಲೆ ನೇಯ್ಗೆ ಬಿಟ್ಟು, ಸೀರೆ ಕೊಂಡು ಚಳ್ಳಕೆರೆಯ ಅಂಗಡಿಗಳಿಗೆ ಕೊಡುವ ವ್ಯಾಪಾರ ಹಿಡಿದವರು. ದಿನಾ ಬರುತ್ತಾರೆ, ದಿನಾ ಹೋಗುತ್ತಾರೆ, ಅದೂ ಎಂಥ ಗಾಡಿಯಲ್ಲಿ! ಹೈದರಾಬಾದಿನಿಂದ ತಂದ ಸೆಕೆಂಡ್ ಹ್ಯಾಂಡ್ ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಸೀಟು, ನೆಲಕ್ಕೆ ಮೂಗು ಉಜ್ಜುವಷ್ಟು ಗಿಡ್ಡ. ಪ್ರತಿ ರೋಡ್ ಹಂಪಿಗೂ ಹೊಟ್ಟೆ ತಾಗಿಸಿಕೊಂಡೇ ಊರೊಳಗೆ ಬರುತ್ತಿತ್ತು. ಜನ ನಗುತ್ತಿದ್ದರು. ಆ ಕಾರಿನ ಸದ್ದನ್ನೂ ನಾನು ಮಾಡುತ್ತಿದ್ದೆ.

“ಮೇಸ್ತ್ರಿ ಇಲ್ಲೇನೋ?”

“ಮೇಸ್ತ್ರಿ ಕಣ್ಣು ಬಳ್ಳಾರ್ಯಾಗೈತೆ ಅಣ್ಣ, ಕೈ ಇಲ್ಲೈತೆ,” ಎಂದು ನನ್ನ ಎರಡೂ ಕೈ ಎತ್ತಿ ತೋರಿಸಿದೆ.

“ಬಾಯಿ?”

“ಅದು ನಂದೇ.”

ಅವರು ಡಿಕ್ಕಿಯಿಂದ ಒಂದು ರಟ್ಟಿನ ಪೆಟ್ಟಿಗೆ ತೆಗೆದರು. ಒಳಗೆ ರೇಸಿಂಗ್ ಬೆಲ್ಟು: ಎರಡು ಪಟ್ಟಿ ಭುಜದ ಮೇಲಿಂದ, ಎರಡು ಪಟ್ಟಿ ಸೊಂಟದಿಂದ, ನಾಲ್ಕೂ ಎದೆಯ ಕೆಳಗೆ ಒಂದೇ ಬಕಲ್ಲಿಗೆ ಬಂದು ಸೇರುತ್ತವೆ. ಬೆಲ್ಟು ಇತ್ತು, ಅದನ್ನು ಕಾರಿಗೆ ಕಚ್ಚಿಸುವ ಕೊಂಡಿಗಳಿಗೆ ಜಾಗ ಮಾಡಿಕೊಡುವುದು ನನ್ನ ಕೆಲಸ.

“ಬರೋ ಭಾನುವಾರ ಬಳ್ಳಾರಿ ಹೊರಗೆ ಬಯಲಾಗೆ ಪಂದ್ಯ ಐತೆ ತಮ್ಮ. ರಬ್ಬರಿನ ಕೋನು ಇಟ್ಟಿರ್ತಾರೆ, ಸುತ್ತಿ ಓಡಿಸ್ಬೇಕು. ಈ ಬೆಲ್ಟಿಲ್ದಿದ್ರೆ ಗೇಟೊಳಗೇ ಬಿಡಲ್ಲಂತೆ.”

“ಪಕ್ಕದ ಸೀಟಿಗೂ ಹಾಕ್ಲಾ?”

“ಅಲ್ಲಿ ಸೀರೆ ಕೂರ್ತಾವೆ. ಮನುಷ್ಯರು ಯಾರದಾರೆ ಕೂರಾಕೆ?” ಎಂದು ಹೇಳಿ, ಸೀರೆಯ ಗಂಟು ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಬೆಲ್ಟಿನ ಜೊತೆ ಒಂದು ಚಿತ್ರದ ಹಾಳೆ ಬಂದಿತ್ತು. ನಾನು ಅದನ್ನು ಓದಲಿಲ್ಲ ಎಂದು ಯಾರೂ ಹೇಳುವಂತಿಲ್ಲ, ಮೂರು ಸಲ ಓದಿದ್ದೆ. ಭುಜದ ಪಟ್ಟಿ ಭುಜದಿಂದ ಹಿಂದಕ್ಕೆ ನೆಟ್ಟಗೆ ಹೋಗಬೇಕು. ಇಳಿಜಾರಾದರೂ ಇಪ್ಪತ್ತು ಡಿಗ್ರಿ ದಾಟಬಾರದು. ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಕೂರಬೇಕು. ಇಷ್ಟೇ.

ಮೊದಲು ಬ್ಯಾಟರಿಯ ವೈರು ಬಿಚ್ಚಿದೆ. ಈಗಿನ ಕಾರುಗಳಲ್ಲಿ ಹಾಗೇ ವೆಲ್ಡಿಂಗ್ ಹಚ್ಚಿದರೆ ಎಲ್ಲೋ ಇರುವ ಕಂಪ್ಯೂಟರು ಸತ್ತುಹೋಗುತ್ತದೆ. ಸೀಟು ಹೊರಗೆ ತೆಗೆದೆ. ನೆಲದ ಕಾರ್ಪೆಟ್ಟು ಸುರುಳಿ ಸುತ್ತಿ, ಬೆಂಕಿ ಹಿಡಿಯದಂತೆ ನೆನೆಸಿದ ಗೋಣಿಚೀಲ ಹಾಸಿದೆ. ಸೊಂಟದ ಪಟ್ಟಿಗೆ ಅದೃಷ್ಟವಿತ್ತು. ಕಂಪನಿಯವರೇ ಕೊಟ್ಟು ರಬ್ಬರು ಮುಚ್ಚಿದ್ದ ಎರಡು ತೂತು ಸೀಟಿನ ಎರಡೂ ಬದಿಗೆ ಸಿಕ್ಕವು. ಒಳಗಿನ ಮರೆ, ಅಂದರೆ ಬೋಲ್ಟು ಕಚ್ಚುವ ತಿರುಪಿನ ಗೆರೆ, ಮಾತ್ರ ತುಕ್ಕಿನಿಂದ ಕಟ್ಟಿಹೋಗಿತ್ತು. ಅದು ಇಂಚಿನ ಲೆಕ್ಕದ ಸಣ್ಣ ಮರೆ. ಮರೆ ಕೊರೆಯುವ ಆ ಸೈಜಿನ ಟ್ಯಾಪು ಚಳ್ಳಕೆರೆಯ ನಾಲ್ಕು ಅಂಗಡಿ ತಿರುಗಿದರೂ ಸಿಗಲಿಲ್ಲ. ಮೇಸ್ತ್ರಿ ಕಲಿಸಿದ ಉಪಾಯ ಮಾಡಿದೆ: ಅದೇ ಮರೆಯ ಒಂದು ಬೋಲ್ಟು ತೆಗೆದುಕೊಂಡು, ಅದರ ಉದ್ದಕ್ಕೆ ಗರಗಸದಿಂದ ಒಂದು ಗೆರೆ ಸೀಳಿ, ಎಣ್ಣೆ ಹಚ್ಚಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತಾ ಹೋದೆ. ತುಕ್ಕು ಆ ಸೀಳಿನೊಳಗೆ ತುಂಬಿಕೊಂಡು ಹೊರಗೆ ಬಂತು. ಎರಡು ತೂತಿಗೆ ಅರ್ಧ ದಿನ.

ಭುಜದ ಪಟ್ಟಿಗೆ ಅಂಥ ಅದೃಷ್ಟವಿಲ್ಲ. ಬಾಗಿಲ ಹಿಂದಿನ ಎರಡು ಕಂಬಗಳ ನಡುವೆ, ಸೀಟಿನ ಬೆನ್ನ ಹಿಂದೆ ಅಡ್ಡಲಾಗಿ ಒಂದು ಪೈಪು ಕೂರಿಸಬೇಕು. ಪಟ್ಟಿಗಳು ಸೀಟಿನ ಉದ್ದನೆಯ ಕಿಂಡಿಗಳಿಂದ ಹಾದು ಹೋಗಿ ಆ ಪೈಪಿಗೆ ಸುತ್ತಿಕೊಳ್ಳುತ್ತವೆ. ಕಾರಿನ ಕಂಬ ನೋಡಲು ದಪ್ಪ, ಒಳಗೆ ತಗಡು. ಅದರ ಎರಡೂ ಕಡೆ ಮೂರು ಮಿಲಿಮೀಟರ್ ಪ್ಲೇಟು ಇಟ್ಟು, ನಡುವೆ ಸ್ಯಾಂಡ್‌ವಿಚ್ಚಿನ ಹಾಗೆ ತಗಡನ್ನು ಹಿಡಿದು, ಗಟ್ಟಿ ಬೋಲ್ಟಿನಲ್ಲಿ ಬಿಗಿಯಬೇಕು. ಕಾರಿನ ಸ್ವಂತ ಬೆಲ್ಟಿಗೆ ಕೈ ಹಚ್ಚಲಿಲ್ಲ, ಅದರ ಪಾಡಿಗೆ ಅದು ಓಡಾಡುವಂತೆ ಜಾಗ ಬಿಟ್ಟೆ. ಇಲ್ಲಿಯವರೆಗೆ ಎಲ್ಲ ಸರಿ.

ಬುಧವಾರ ಬೆಳಿಗ್ಗೆ ಪೈಪು ಎಷ್ಟು ಎತ್ತರಕ್ಕೆ ಬರಬೇಕು ಎಂಬ ಪ್ರಶ್ನೆ ಬಂತು. ಒಂದು ಫೋನ್ ಸಾಕಿತ್ತು. ‘ಬರ್ರಿ ಅಣ್ಣ, ಐದು ನಿಮಿಷ ಕೂತು ಹೋಗ್ರಿ’ ಎಂದರೆ ಬರುತ್ತಿದ್ದರು. ಆದರೆ ನನಗೆ ಅವರ ಕೂರುವಿಕೆ ಬಾಯಿಪಾಠ. ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದನ್ನು ನೂರು ಸಲ ನೋಡಿದ್ದೆ: ಕತ್ತು ಮುಂದೆ, ಬೆನ್ನು ಬಿಲ್ಲು, ಎಡಭುಜ ಇಳಿದು, ಬಲಗೈ ಸುಮ್ಮನಿದ್ದಾಗಲೂ ಮಗ್ಗದ ಲಾಳಿಯ ಹಗ್ಗ ಎಳೆಯುವಂತೆ ಸಣ್ಣಗೆ ಜಗ್ಗುವುದು. ಎಷ್ಟೋ ಜನರ ಮುಂದೆ ಅದನ್ನು ಮಾಡಿ ಚಪ್ಪಾಳೆ ಹೊಡೆಸಿಕೊಂಡಿದ್ದೆ. ಸೀಟು ಮತ್ತೆ ಕೂರಿಸಿ, ಒಳಗೆ ಇಳಿದು, ಕತ್ತು ಚಾಚಿ, ಬೆನ್ನು ಬಗ್ಗಿಸಿ ಸೀರೆಯಣ್ಣನಾದೆ. ಭುಜ ಸೀಟಿನಿಂದ ಐವತ್ತಮೂರು ಸೆಂಟಿಮೀಟರ್. ಸ್ವಲ್ಪ ಇಳಿಜಾರು ಇರಲಿ ಎಂದು ಪೈಪು ನಲವತ್ತೆಂಟಕ್ಕೆ. ಮಿಮಿಕ್ರಿ ಮಾಡುವವನಿಗೆ ಗೊತ್ತಿರಬೇಕಾದ ಮೊದಲ ಪಾಠವೇ ಮರೆತಿತ್ತು: ಇದ್ದದ್ದನ್ನು ಇದ್ದಷ್ಟೇ ಮಾಡಿದರೆ ಯಾರೂ ನಗುವುದಿಲ್ಲ, ಒಂದೂವರೆ ಪಟ್ಟು ಮಾಡಬೇಕು. ನಾನು ಅಳೆದದ್ದು ಒಂದೂವರೆ ಪಟ್ಟು ಸೀರೆಯಣ್ಣನನ್ನು.

ಗುರುವಾರ ಅವರು ಕಾರು ಒಯ್ಯಲು ಬಂದರು. ಒಳಗೆ ಕೂತರು. ಪಟ್ಟಿಗಳನ್ನು ಎಳೆದು ಬಿಗಿದೆ. ಬಕಲ್ಲು ‘ಟಕ್’ ಎಂದಿತು. ಆ ಸದ್ದಿಗೆ ಅವರ ಮುಖ ಅರಳಿದ್ದು ಈಗಲೂ ಕಣ್ಣ ಮುಂದಿದೆ.

“ಬಾಗುಂದಿ ತಮ್ಮ, ಶಾನೆ ಬಾಗುಂದಿ!” ಎಂದು ಅವರ ತೆಲುಗು-ಕನ್ನಡದಲ್ಲಿ ಹೇಳಿ ಫೋಟೊ ತೆಗೆದುಕೊಂಡರು.

ನಾನು ಪಕ್ಕದಿಂದ ನೋಡುತ್ತಿದ್ದೆ. ಕಾರಿನೊಳಗೆ ಕೂತಿದ್ದದ್ದು ಅಂಗಡಿ ಕಟ್ಟೆಯ ಮನುಷ್ಯನಲ್ಲ. ಬೆನ್ನು ನೆಟ್ಟಗಿತ್ತು, ಎರಡೂ ಭುಜ ಸಮವಾಗಿದ್ದವು. ಪಟ್ಟಿ ಭುಜ ದಾಟಿದ್ದೇ ತಡ, ಬಾವಿಗೆ ಬಿಟ್ಟ ಹಗ್ಗದಂತೆ ಕೆಳಗಿಳಿದಿತ್ತು. ಧೂಳು ಒರೆಸುವ ನೆಪ ಮಾಡಿ ಪಟ್ಟಿಯ ಮೇಲೆ ಫೋನು ಇಟ್ಟು ಕೋನ ನೋಡಿದೆ. ಇಪ್ಪತ್ತೊಂಬತ್ತು.

ಅವರು ಗಾಡಿ ಚಾಲೂ ಮಾಡಿದರು. ನಾನು ಕೈ ಬೀಸಿದೆ. ಹಾಗೆಯೇ ಹೋಗಲು ಬಿಟ್ಟೆ.

ಆ ಮಧ್ಯಾಹ್ನ ಒಂದು ಗ್ರಿಲ್ಲಿನ ಕೆಲಸವಿತ್ತು, ಮಾಡಲಿಲ್ಲ. ಅವರು ಬೆನ್ನು ನೆಟ್ಟಗಿಟ್ಟು ಕೂತಿದ್ದನ್ನು ಮಾಡಿ ನೋಡೋಣ ಎಂದುಕೊಂಡರೆ ಅದೂ ಬರಲಿಲ್ಲ. ಕೊನೆಗೆ ಮೇಸ್ತ್ರಿಗೆ ಫೋನ್ ಹಚ್ಚಿದೆ.

“ಮೇಸ್ತ್ರಿ, ಸುಮ್ನೆ ಕೇಳ್ತೀನಿ. ರೇಸಿನ ಬೆಲ್ಟಿಗೆ ಭುಜದ ಪಟ್ಟಿ ಒಂಚೂರು ಜಾಸ್ತಿ ಇಳಿಜಾರಾದ್ರೆ ಏನಾಗ್ತೈತ್ರೀ?”

“ಸುಮ್ನೆ ಕೇಳೋನು ಫೋನ್ ಮಾಡಲ್ಲ. ಎಷ್ಟು ಇಳಿಜಾರು?”

“ಇಪ್ಪತ್ತೊಂಬತ್ತು. ಇಪ್ಪತ್ತು ದಾಟಬಾರದು ಅಂತ ಹಾಳ್ಯಾಗೈತೆ.”

ಅವರು ಉಸಿರು ಎಳೆದುಕೊಂಡರು. ನಾನು ಬೈಗುಳಕ್ಕೆ ಸಿದ್ಧನಾದೆ. ಬರಲಿಲ್ಲ.

“ಲಾರಿ ಮ್ಯಾಲೆ ಶೇಂಗಾ ಮೂಟೆ ನಿಲ್ಸಿ ಹಗ್ಗ ಕಟ್ಟೀಯಲ್ಲ, ಹಗ್ಗ ಹಿಂದಕ್ಕೆ ಎಳದ್ರೆ ಮೂಟೆ ಏನಾಗ್ತೈತೆ?”

“ನಿಲ್ತೈತೆ.”

“ಕೆಳಕ್ಕೆ ಎಳದ್ರೆ?”

“ಕುಸೀತೈತೆ.”

“ಕುಸುದ್ರೆ ಮೂಟೆ ಇನ್ನೊಂದು ಸಲ ತುಂಬ್ಬೋದು,” ಎಂದು ಹೇಳಿ ಫೋನ್ ಇಟ್ಟರು.

ಆದರೂ ನಂಬಲು ಮನಸ್ಸಿಲ್ಲ. ಒಂದು ಅರೆ ಚೀಲ ಶೇಂಗಾ ಹೊಟ್ಟು ತಂದು ಬೆಂಚಿನ ಮೇಲೆ ನಿಲ್ಲಿಸಿದೆ. ಹಳೆಯ ಪಟ್ಟಿಯೊಂದನ್ನು ಅದರ ಹೆಗಲ ಮೇಲಿಂದ ಹಾಯಿಸಿ ಹಿಂದಕ್ಕೆ ಎಳೆದೆ, ನಿಂತಿತ್ತು. ಕೆಳಮುಖವಾಗಿ ಎಳೆದೆ. ಚೀಲ ನಡುವಿನಲ್ಲಿ ಮಡಿಚಿಕೊಂಡು, ತಲೆ ಮುಂದೆ ಹಾಕಿ ಕೂತುಬಿಟ್ಟಿತು. ಅಂಗಡಿ ಕಟ್ಟೆಯ ಸೀರೆಯಣ್ಣನ ಹಾಗೆಯೇ. ನನಗೆ ನಗು ಬರಲಿಲ್ಲ.

ನೋಡುವವರಿಗೆ ಆ ಪೈಪು ಸರಿಯಾಗಿಯೇ ಇತ್ತು. ಬಣ್ಣ ಒಣಗಿತ್ತು, ಗಿರಾಕಿ ಖುಷಿಯಾಗಿದ್ದರು, ಪಂದ್ಯದಲ್ಲಿ ಗುದ್ದಿಕೊಳ್ಳಲು ರಬ್ಬರಿನ ಕೋನು ಬಿಟ್ಟರೆ ಏನೂ ಇರುವುದಿಲ್ಲ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಆದರೆ ಅವರು ಆ ಬೆಲ್ಟು ಹಾಕಿಕೊಂಡೇ ಲಾರಿಗಳ ನಡುವೆ ಮೊಳಕಾಲ್ಮೂರಿಗೆ ಹೋಗಿದ್ದರು. ಶುಕ್ರವಾರ ಬೆಳಿಗ್ಗೆ ಫೋನ್ ಮಾಡಿದೆ: “ಅಣ್ಣ, ಇವತ್ತು ಗಾಡಿ ತೆಗೀಬ್ಯಾಡ್ರಿ. ನಾನೇ ಬರ್ತೀನಿ.” ಶೆಡ್ಡಿಗೆ ಬೀಗ ಹಾಕಿ ಬಸ್ಸು ಹತ್ತಿದೆ. ಕಂಡಕ್ಟರು ನನ್ನನ್ನು ನೋಡಿದ ಕೂಡಲೇ, “ಏನಪಾ, ಇವತ್ತು ಯಾರನ್ನ ಮಾಡ್ತೀಯಾ?” ಎಂದ. ಯಾರನ್ನೂ ಇಲ್ಲವೆಂದೆ. ಪೂರ್ತಿ ತುಂಬಿದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಹೇಳಬೇಕಾದ ಮಾತನ್ನು ಒಂದೊಂದೇ ದನಿಯಲ್ಲಿ ಒಳಗೊಳಗೇ ಹೇಳಿ ನೋಡಿದೆ. ಯಾವ ದನಿಗೂ ಹೊಂದಲಿಲ್ಲ.

ಮೊಳಕಾಲ್ಮೂರಿನ ಮನೆಯ ಮುಂದಿನ ಕೋಣೆಯಲ್ಲಿ ಅವರು ಬಿಳಿ ಬಟ್ಟೆ ಹಾಸಿ ಸೀರೆ ಮಡಿಸುತ್ತಿದ್ದರು. ಕತ್ತು ಮುಂದೆ, ಎಡಭುಜ ಕೆಳಗೆ. ನಾನು ಒಂದೂವರೆ ಪಟ್ಟು ಮಾಡಿದ್ದಷ್ಟೇ ಅಲ್ಲ, ಜಾಗವೂ ತಪ್ಪಿತ್ತು. ಒಳಗಿನ ಮಗ್ಗದ ಗುಂಡಿಗೆ ಹಲಗೆ ಮುಚ್ಚಿ ಅದರ ಮೇಲೆ ಖಾಲಿ ಡಬ್ಬಗಳನ್ನು ಪೇರಿಸಿದ್ದರು. ಮನೆಯಲ್ಲಿ ಬೇರೆ ಯಾರ ಸದ್ದೂ ಇಲ್ಲ.

“ಪೈಪು ಕೆಳಗೆ ಕೂತೈತೆ ಅಣ್ಣ. ಗುದ್ದಿದ್ರೆ ಪಟ್ಟಿ ನಿಮ್ಮ ಬೆನ್ನನ್ನ ಕೆಳಕ್ಕೆ ಜಗ್ಗತೈತೆ. ಕೊಯ್ದು ಮತ್ತೆ ಮಾಡ್ಬೇಕು. ನಿಮ್ಮನ್ನ ಕೂರಿಸಿ ಅಳೀಲಿಲ್ಲ ನಾನು.”

“ನನ್ನ ಕೂರಿಸ್ಲಿಲ್ಲ ಅಂದ್ರೆ ಇನ್ಯಾರನ್ನ ಕೂರಿಸಿ ಅಳದೆ?”

“ನಿಮ್ಮನ್ನೇ. ಆದ್ರೆ ಕೂತಿದ್ದು ನಾನು.”

“ಮಾಡಿ ತೋರ್ಸು,” ಎಂದರು. ಬೇಡವೆಂದರೂ ಬಿಡಲಿಲ್ಲ. ಅವರ ಎದುರೇ ಕತ್ತು ಚಾಚಿ, ಭುಜ ಇಳಿಸಿ, ಬಲಗೈ ಜಗ್ಗಿದೆ. ಅವರು ನಗಲಿಲ್ಲ. ತಮ್ಮ ಎಡಭುಜವನ್ನು ನೋಡಿಕೊಂಡು ಮೆಲ್ಲಗೆ ಮೇಲೆತ್ತಿದರು. ಅದು ತಾನಾಗಿಯೇ ಇಳಿಯಿತು.

“ಹಿಂಗಾ ಕೂರೋದು ನಾನು?”

“ಇಲ್ಲಿ ಹಿಂಗೆ. ಕಾರಿನಾಗೆ ಬ್ಯಾರೆ ಥರ.”

“ಕಾರಿನಾಗೆ ಹೆಂಗೆ?”

“ಅದನ್ನ ಸರಿಯಾಗಿ ನೋಡಿಲ್ಲಣ್ಣ. ಅದೇ ನನ್ ತಪ್ಪು.”

“ಭಾನುವಾರಕ್ಕೆ ಆಗ್ತೈತಾ?”

“ಆಗಲ್ಲ.”

ಮಡಿಸಿದ್ದ ಸೀರೆಯನ್ನು ಬಿಚ್ಚಿ ಮತ್ತೆ ಮಡಿಸಿದರು. ಅಂಚಿಗೆ ಅಂಚು ಕೂಡಿಸಿ, ಒತ್ತಿ, ಪಕ್ಕಕ್ಕಿಟ್ಟು ಎದ್ದರು. “ನಡಿ,” ಎಂದರು, ಅಷ್ಟೇ.

ಪಕ್ಕದ ಸೀಟಿನ ಗಂಟುಗಳನ್ನು ಡಿಕ್ಕಿಗೆ ಹಾಕಿ ನನ್ನನ್ನು ಕೂರಿಸಿಕೊಂಡರು. ಹಳೆಯ ಬೆಲ್ಟನ್ನೇ ಹಾಕಿಕೊಳ್ಳಿ ಎಂದೆ. ನನ್ನ ಕೈಯಲ್ಲಿ ಸೀಮೆಸುಣ್ಣವಿತ್ತು. ಹೊರಡುವ ಮುಂಚೆ ‘ಯಾವಾಗಲೂ ಕೂರುವ ಹಾಗೆ ಕೂರಿ’ ಎಂದದ್ದಕ್ಕೆ ಮದುವೆ ಫೋಟೊಕ್ಕೆ ಕೂತವರ ಹಾಗೆ ಎದೆ ಉಬ್ಬಿಸಿದರು. ಅಳೆದೆ: ಅರವತ್ತೊಂದು. ಅದೂ ಸುಳ್ಳು ಅಳತೆ. ಅಳೆಯುತ್ತಾರೆಂದು ಗೊತ್ತಾದರೆ ಯಾರೂ ತಮ್ಮ ಹಾಗೆ ಕೂರುವುದಿಲ್ಲ. ಹಾಗಾಗಿ ಅವರಿಗೆ ಅಳತೆ ಮರೆಯುವವರೆಗೆ ಕಾದೆ. ಹಾನಗಲ್ ದಾಟಿತು, ಬಿ.ಜಿ. ಕೆರೆ ದಾಟಿತು. ರಸ್ತೆಯ ಎರಡೂ ಕಡೆ ಬಯಲು. ಅವರೇ ಮಾತು ತೆಗೆದರು.

“ನಿನ್ನೆ ಆ ಬೆಲ್ಟು ಹಾಕ್ಕಂಡು ಬಂದ್ನಲ್ಲ ತಮ್ಮ, ಯಾರೋ ಹಿಂದಿಂದ ತಬ್ಬಿ ಹಿಡ್ಕಂಡಂಗಿತ್ತು.”

ಬೇರೆ ಯಾರಾದರೂ ಅಂದಿದ್ದರೆ ಸಂಜೆಯೊಳಗೆ ಅದನ್ನು ಊರೆಲ್ಲ ಮಾಡಿ ತೋರಿಸುತ್ತಿದ್ದೆ. ನನ್ನ ಪಕ್ಕ ಕೂತು ಎಷ್ಟೋ ದಿನದಿಂದ ಯಾರೂ ಇಂಥ ಮಾತು ಆಡಿರಲಿಲ್ಲ. ತಳಕು ಬರುವಷ್ಟರಲ್ಲಿ ಅವರು ನನ್ನನ್ನೂ ಸೀಮೆಸುಣ್ಣವನ್ನೂ ಮರೆತಿದ್ದರು. ಬೆನ್ನು ನೆಟ್ಟಗೇ ಇತ್ತು, ಆದರೆ ಬಿಗಿ ಇರಲಿಲ್ಲ. ಮೆಲ್ಲಗೆ ಕೈ ಚಾಚಿ, ಭುಜದ ಮಟ್ಟಕ್ಕೆ ಸೀಟಿನ ಬೆನ್ನಿನ ಮೇಲೆ ಗೆರೆ ಎಳೆದೆ. ಶೆಡ್ಡಿಗೆ ಬಂದು ಅಳೆದಾಗ ಐವತ್ತೊಂಬತ್ತು.

ಬಣ್ಣ ಹೊಡೆದ ಕೆಲಸವನ್ನು ತಾನೇ ಕೊಯ್ಯುವುದು ಬಹಳ ಉದ್ದದ ಕೆಲಸ. ಗಾಜುಗಳಿಗೆಲ್ಲ ನೆನೆಸಿದ ಗೋಣಿ ಕಟ್ಟಿ ಗ್ರೈಂಡರ್ ಹಿಡಿದೆ. ಎಲ್ಲಿಂದಲೋ ನುಸುಳಿದ ಒಂದು ಕಿಡಿ ಹಿಂದಿನ ಗಾಜಿಗೆ ಅಂಟಿ, ಸಾಸಿವೆಯಷ್ಟು ಚುಕ್ಕೆ ಮಾಡಿತು. ಸೀರೆಯಣ್ಣ ಈಗಲೂ ಅದನ್ನು ಬೆರಳಿಟ್ಟು ಎಲ್ಲರಿಗೂ ತೋರಿಸುತ್ತಾರೆ. ಹಳೆಯ ತೂತುಗಳನ್ನು ತುಂಬಿ ತೇಯ್ದು, ಮೇಲೆ ಹೊಸದಾಗಿ ಐವತ್ತಾರಕ್ಕೆ ಗುರುತು ಹಾಕಿದೆ. ದಾರ ಕಟ್ಟಿ, ರಸಮಟ್ಟ ಇಟ್ಟು, ಎರಡು ತುದಿಯೂ ಒಂದೇ ಎತ್ತರ ಎಂದು ನಾಲ್ಕು ಸಲ ನೋಡಿದೆ. ಈ ಸಲ ನನ್ನ ಮಾತನ್ನು ನಾನೇ ನಂಬಲು ಸಿದ್ಧನಿರಲಿಲ್ಲ. ಅದೇ ಥರದ ಪೈಪು, ಪ್ಲೇಟು, ಬೋಲ್ಟಿನಲ್ಲಿ ಪರೀಕ್ಷೆಗೆಂದೇ ಇನ್ನೊಂದು ಜೋಡಣೆ ಮಾಡಿ, ಲಾರಿಯ ಇಂಜಿನ್ ಎತ್ತುವ ಚೈನ್ ಬ್ಲಾಕಿಗೆ ಒಂದು ತುದಿ, ನೆಲದ ಕಾಂಕ್ರೀಟಿನಲ್ಲಿ ಹೂತ ಕಬ್ಬಿಣದ ಬಳೆಗೆ ಇನ್ನೊಂದು ತುದಿ ಕಟ್ಟಿ ಎಳೆದೆ. ಸರಪಳಿ ಕಿರುಗುಟ್ಟಿತು. ಪೂರ್ತಿ ಎಳೆದ ಮೇಲೆ ಮೇಸ್ತ್ರಿಗೆ ಫೋನ್ ಮಾಡಿದೆ.

“ವೆಲ್ಡು ಬಿಡ್ತಾ, ಪ್ಲೇಟು ಬಾಗ್ತಾ?” ಎಂದರು.

“ವೆಲ್ಡು ಅಲ್ಲಾಡ್ಲಿಲ್ಲ ಮೇಸ್ತ್ರಿ. ಪ್ಲೇಟು ಬಾಗ್ತು.”

ಹೊಗಳುತ್ತಾರೇನೋ ಎಂದು ಕಾದೆ.

“ಹಂಗಾದ್ರೆ ಪ್ಲೇಟು ದಪ್ಪ ಮಾಡು,” ಎಂದರು.

ಮೂರರ ಬದಲು ಐದು ಮಿಲಿಮೀಟರಿನ ಪ್ಲೇಟು ತಂದು ಮತ್ತೆ ಕೊಯ್ದೆ, ಮತ್ತೆ ಎಳೆದೆ. ಈ ಸಲ ಬಾಗಲಿಲ್ಲ. ಭಾನುವಾರ ಇಡೀ ದಿನ ಶೆಡ್ಡಿನಲ್ಲಿದ್ದೆ. ಬಳ್ಳಾರಿಯ ಬಯಲಿನಲ್ಲಿ ಬೇರೆಯವರ ಕಾರುಗಳು ಕೋನು ಸುತ್ತುತ್ತಿದ್ದ ಹೊತ್ತಿಗೆ ಇಲ್ಲಿ ಕೆಂಪು ಕಾರು ಸೀಟಿಲ್ಲದೆ, ಬಾಗಿಲು ತೆರೆದು, ಬೊಕ್ಕ ಬಾಯಿಯ ಅಜ್ಜನ ಹಾಗೆ ನಿಂತಿತ್ತು. ಅವರು ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ರೇಡಿಯೊ ಕೂಡ ಹಾಕಲಿಲ್ಲ.

ಮಂಗಳವಾರ ಅವರು ಬಂದು ಕೂತರು. ಪಟ್ಟಿ ಬಿಗಿದು ಫೋನಿಟ್ಟು ನೋಡಿದೆ: ಒಂಬತ್ತು ಡಿಗ್ರಿ. ಅವರ ಬೆನ್ನು, ಅವರ ಭುಜ, ಅವರದೇ ಅಳತೆ. ಮನಸ್ಸು ಹಗುರಾಗಬೇಕಿತ್ತು. ಆದರೆ ಹೇಳಬೇಕಾದ ಇನ್ನೊಂದು ಮಾತಿತ್ತು.

“ಅಣ್ಣ, ಇದು ಪಂದ್ಯಕ್ಕೆ ಮಾತ್ರ. ರಸ್ತೆ ಮ್ಯಾಲೆ ಹಳೇ ಬೆಲ್ಟೇ ಹಾಕ್ಕಳ್ರಿ. ಗಾಡಿ ಮಗುಚಿದ್ರೆ ಹಳೇ ಬೆಲ್ಟಿನಾಗೆ ಮೈ ಪಕ್ಕಕ್ಕೆ ವಾಲ್ತೈತೆ. ಇದರಾಗೆ ಕಂಬದಂಗೆ ನೆಟ್ಟಗೇ ಇರ್ತೀರಿ, ಮ್ಯಾಗಿನ ಛಾವಣಿ ಬಂದು ತಲೆ ಮ್ಯಾಲೆ ಕೂರ್ತೈತೆ. ತಡ್ಯಾಕೆ ಒಳಗೆ ಪೈಪಿನ ಪಂಜರ ಇಲ್ಲ.”

“ಪಂದ್ಯ ತಪ್ಸಿದೋನು ನೀನು. ಇನ್ನೊಂದು ಪಂದ್ಯ ಯಾವಾಗೋ ಏನೋ. ರಸ್ತ್ಯಾಗಾದ್ರೂ ಹಾಕ್ಕಂತೀನಿ ಬಿಡು.”

ಪೊಲೀಸಪ್ಪನಾದೆ: “ಏಯ್, ಡಾಕ್ಯುಮೆಂಟ್ಸ್ ತೆಗಿ!” ನಕ್ಕರು. ಎಲುಬಿನ ಡಾಕ್ಟರಾದೆ, ಎಕ್ಸ್‌ರೇ ಬೆಳಕಿಗೆ ಹಿಡಿದು ತಲೆಯಾಡಿಸಿದೆ. ಇನ್ನೂ ನಕ್ಕರು. ಮೇಸ್ತ್ರಿಯಾಗಿ ಉಸಿರು ಎಳೆದುಕೊಂಡೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಬಕಲ್ಲಿಗೆ ಮಾತ್ರ ಕೈ ಹಚ್ಚಲಿಲ್ಲ. ಹೆಚ್ಚು ಒತ್ತಾಯಿಸುವ ಬಾಯಿ ನನಗೆಲ್ಲಿತ್ತು? ತಪ್ಪಿದ ಭಾನುವಾರ ನನ್ನ ಲೆಕ್ಕದಲ್ಲೇ ಇತ್ತು. ಬೋಲ್ಟು ಸಡಿಲವಾಗುತ್ತವೇನೋ ನೋಡುತ್ತೇನೆಂದು ಹೇಳಿ ಜೊತೆಗೆ ಹತ್ತಿದೆ, ಮೊಳಕಾಲ್ಮೂರಿನಿಂದ ಬಸ್ಸಿಗೆ ವಾಪಸಾದರಾಯಿತು ಎಂದು.

ಕೊಂಡ್ಲಹಳ್ಳಿಯ ಹತ್ತಿರ ರಸ್ತೆ ತುಂಬ ಕುರಿ. ಗಾಡಿ ನಿಲ್ಲಿಸಿದರು. ಮಂದೆ ನಮ್ಮ ಎರಡೂ ಕಡೆಯಿಂದ ಹರಿದು ಹೋಯಿತು. ಕಾರು ಎಷ್ಟು ಗಿಡ್ಡವೆಂದರೆ ಟಗರುಗಳು ಕಿಟಕಿಯಲ್ಲಿ ನಮ್ಮನ್ನು ಸರಿಸಮಕ್ಕೆ ನೋಡುತ್ತಾ ಹೋದವು. ಎಲ್ಲ ದಾಟಿತು ಎಂದುಕೊಂಡು ಸೀರೆಯಣ್ಣ ಗೇರ್ ಹಾಕುವಷ್ಟರಲ್ಲಿ ಬಾನೆಟ್ಟಿನ ಮೇಲೆ ಕೋಲಿನ ಏಟು ಬಿತ್ತು.

“ನಿಲ್ಸ್ರೀ! ಮರಿ ಕೆಳಗೈತೆ!”

ಕಂಬಳಿ ಹೊದ್ದ ಹಿರಿಯ ಕುರಿಗಾಹಿ. ಸೀರೆಯಣ್ಣ ಮುಂದೆ ಬಗ್ಗಿ ನೋಡಲು ಹೋದರು, ಪಟ್ಟಿ ಬಿಡಲಿಲ್ಲ. ಕಿಟಕಿಯಿಂದ ತಲೆ ಹಾಕಲು ಹೋದರು, ಅದೂ ಆಗಲಿಲ್ಲ. “ಎಲ್ಲೈತೆ? ಎಲ್ಲೈತೆ?” ಎಂದು ನೆಟ್ಟಗೆ ಕೂತೇ ಕೂಗುತ್ತಿದ್ದರು. ಕೈ ಬಕಲ್ಲು ಹುಡುಕುತ್ತಿತ್ತು. ನಾನು ಇಳಿದು ನೆಲಕ್ಕೆ ಎದೆಯಾನಿಸಿ ನೋಡಿದೆ. ಮುಂದಿನ ಗಾಲಿಗೆ ಗೇಣು ದೂರದಲ್ಲಿ ಮರಿ ಮುದುರಿ ಕೂತಿತ್ತು. ಅವರು ಗಾಡಿಯನ್ನು ಒಂದಡಿ ಮುಂದೆ ಬಿಟ್ಟಿದ್ದರೂ ಸಾಕಿತ್ತು. ಕಾಲು ಹಿಡಿದು ಎಳೆದು ಕೊಟ್ಟೆ. ಕುರಿಗಾಹಿ ಅದನ್ನು ಕಂಬಳಿಯೊಳಗೆ ಹಾಕಿಕೊಂಡು ಕಿಟಕಿಗೆ ಬಗ್ಗಿದರು.

“ಇವ್ರಿಗೇನಾಗೈತೆ? ಬೆನ್ನು ಮುರಿದೈತಾ?”

“ಏನೂ ಆಗಿಲ್ಲ ಯಜಮಾನ್ರೆ,” ಎಂದರು ಸೀರೆಯಣ್ಣ. ಮುಖ ಕೆಂಪಾಗಿತ್ತು. “ಇದು ರೇಸಿನ ಬೆಲ್ಟು. ಭದ್ರವಾಗಿರ್ಲಿ ಅಂತ ನಾನೇ ಕಟ್ಕಂಡೀನಿ.”

ಕುರಿಗಾಹಿ ನಾಲ್ಕೂ ಪಟ್ಟಿಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಒಂದು ಮಾತು ಹೇಳಿ ಮಂದೆಯ ಹಿಂದೆ ನಡೆದರು. ಸೀರೆಯಣ್ಣ ಅಲ್ಲೇ ಬಕಲ್ಲು ಬಿಚ್ಚಿ ಹಳೆಯ ಬೆಲ್ಟು ಎಳೆದುಕೊಂಡರು. ಅಂದಿನಿಂದ ಪಂದ್ಯದ ಹಿಂದಿನ ದಿನ ಶೆಡ್ಡಿಗೆ ಬಂದು ಕಾರಿಗೆ ಪಟ್ಟಿ ಹಾಕಿಸಿಕೊಳ್ಳುತ್ತಾರೆ, ಮುಗಿದ ಮಾರನೆಯ ದಿನ ಬಿಚ್ಚಿಸುತ್ತಾರೆ. ಆ ಹಿರಿಯರ ದನಿಯನ್ನು ಎಷ್ಟೋ ಸಲ ಮಾಡಲು ನೋಡಿದ್ದೇನೆ, ಗಂಟಲಿಗೆ ಬರುವುದಿಲ್ಲ. ಅದಕ್ಕೇ ಮಾತನ್ನಷ್ಟೇ ಇದ್ದದ್ದು ಇದ್ದಂತೆ ಬರೆಯುತ್ತಿದ್ದೇನೆ:

“ನಾವೂ ಕುರೀನ ಹಿಂಗೇ ಬಿಗೀತೀವಿ ಸ್ವಾಮಿ, ಸಂತೆ ದಿನ. ಮೇಯಾಕೆ ಹೊಂಟಾಗ ಯಾವೋನೂ ಕಟ್ಟಲ್ಲ.”